ಮಗನ ರಾತ್ರಿಯೂಟ

ನನ್ನ ಗಂಡ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಕಾಮಾಲೆ ವಿಪರೀತವಾಗಿ ಅವರು ತೀರಿಕೊಂಡಾಗ ಮಗಳಿಗೆ ಹತ್ತು ವರ್ಷ, ಮಗನಿಗೆ ಇನ್ನೂ ಐದು ತುಂಬಿರಲಿಲ್ಲ. ಕೆಲಸದಲ್ಲಿದ್ದಾಗಲೇ ಸತ್ತವರ ಮನೆಯವರೊಬ್ಬರಿಗೆ ಕೆಲಸ ಕೊಡುವ ಪದ್ಧತಿ ಇದೆ. ಹಾಗೆ ಅವರ ಟಿಕೆಟ್ ಚೀಲ ನನ್ನ ಹೆಗಲಿಗೆ ಬಂತು. ಉದಗೀರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಅತ್ತೆ-ಮಾವ ತಮ್ಮ ಒಪ್ಪಿಗೆಯಿದೆ ಎಂದು ಸಹಿ ಹಾಕಿದರು. ಹಾಕಿದ ಮೇಲೆ ಅತ್ತೆ ಒಂದೇ ಮಾತು ಹೇಳಿದರು.

"ನಮ್ಮ ಮನಿ ಹೆಣ್ಣಮಕ್ಕಳು ಅಂಗಡಿ ಮೆಟ್ಟಲ ಸುದ್ದಾ ಹತ್ತಿಲ್ಲ. ನೀ ಬಸ್ ಹತ್ತಲಿಕ್ಕ ಹೊಂಟಿ."

ನಾನು ಹತ್ತಿದೆ. ಹತ್ತದೆ ಬೇರೆ ದಾರಿ ಇರಲಿಲ್ಲ. ಮಹಾರಾಷ್ಟ್ರದ ಗಡಿಯೊಳಗಿನ ಉಮರ್ಗಾದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಬೆಳಿಗ್ಗೆ ಮಕ್ಕಳಿಗೆ ಡಬ್ಬಿ ಕಟ್ಟಿ ಶಾಲೆಗೆ ಕಳಿಸಿ, ಬಟ್ಟೆ ಒಗೆದು, ನೀರು ತುಂಬಿ ನಾನು ಡ್ಯೂಟಿಗೆ ಹೊರಡುತ್ತಿದ್ದೆ. ಸೊಲ್ಲಾಪುರಕ್ಕೆ ಹೋಗಿ ತಿರುಗಿ ಬಂದು, ಡೆಪೊದಲ್ಲಿ ಹಣದ ಲೆಕ್ಕ ಕೊಟ್ಟು ಮನೆ ಮುಟ್ಟುವಾಗ ಎಂಟಾಗುತ್ತಿತ್ತು. ಶಾಲೆ ಬಿಟ್ಟಾಗಿನಿಂದ ಅಲ್ಲಿಯವರೆಗೆ ತಮ್ಮನನ್ನು ಅಕ್ಕ ನೋಡಿಕೊಳ್ಳಬೇಕು. ಆದರೆ ಗ್ಯಾಸ್ ಮುಟ್ಟಬಾರದು ಎಂದು ನಾನು ಅವಳಿಂದ ಆಣೆ ಹಾಕಿಸಿಕೊಂಡಿದ್ದೆ. ಹೀಗಾಗಿ ನಾನು ಬಂದೇ ಒಲೆ ಹಚ್ಚಬೇಕು.

ಬಾಗಿಲು ತೆರೆದ ಕೂಡಲೇ ಮಗ ಕೇಳುತ್ತಿದ್ದ. "ಅವ್ವಾ, ಏನ ಮಾಡ್ತಿ?"

ದಿನವಿಡೀ ಬಸ್ಸಿನಲ್ಲಿ ನಿಂತು, ಸಾಲು ಸಾಲು ಮಂದಿಗೆ ಎಲ್ಲಿಗೆ ಎಂದು ಕೇಳಿ ಬಂದವಳಿಗೆ ಆ ಪ್ರಶ್ನೆಗೆ ಉತ್ತರ ಕೊಡುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಕೈಗೆ ಬಂದದ್ದನ್ನು ಮಾಡುತ್ತಿದ್ದೆ. ಅಕ್ಕಿ, ಹೆಸರುಬೇಳೆ, ಅರಿಶಿನ ಹಾಕಿ ಕುಕ್ಕರ್ ಏರಿಸಿದರೆ ಖಿಚಡಿ. ಅದಕ್ಕೂ ತಾಳ್ಮೆ ಇಲ್ಲದ ದಿನ ಚುರಮುರಿ ನೆನೆಸಿ, ಈರುಳ್ಳಿ-ಮೆಣಸಿನಕಾಯಿ ಒಗ್ಗರಣೆ ಹಾಕಿ ಸುಸಲಾ. ವಾರದ ರಜೆಯ ದಿನ ಜೋಳದ ರೊಟ್ಟಿ ಬಡಿದು, ಒಣಗಿಸಿ, ಬುಟ್ಟಿಯಲ್ಲಿ ಒಟ್ಟಿ ಇಡುತ್ತಿದ್ದೆ. ಅವು ಕಟುಂ ಎನ್ನುವ ಹಾಗೆ ಗಟ್ಟಿಯಾಗಿ ವಾರಗಟ್ಟಲೆ ಕೆಡುತ್ತಿರಲಿಲ್ಲ. ಅವನ್ನು ಮುರಿದು ಮೊಸರಿನಲ್ಲಿ ನೆನೆಸಿ, ಮೇಲೆ ಶೇಂಗಾ ಹಿಂಡಿಯ ಪುಡಿ ಉದುರಿಸಿದರೆ ಒಲೆ ಹಚ್ಚುವ ಕೆಲಸವೇ ಇಲ್ಲ. ನನ್ನ ತವರು ಕಾಸಾರಶಿರಸಿಯ ಹತ್ತಿರದ ಹಳ್ಳಿ. ಅಲ್ಲಿ ಸುಗ್ಗಿಯಲ್ಲಿ ಹೊಲಕ್ಕೆ ಬುತ್ತಿ ಒಯ್ಯುವವರು ಹೀಗೆಯೇ ಉಣ್ಣುತ್ತಿದ್ದರು. ಹೊಲದಲ್ಲಿ ಅದು ರುಚಿ. ಐದು ವರ್ಷದ ಹುಡುಗನಿಗೆ ರಾತ್ರಿ ಎಂಟೂವರೆಗೆ ಅದು ಶಿಕ್ಷೆ.

ಅವನು ಉಣ್ಣುತ್ತ ಉಣ್ಣುತ್ತಲೇ ನಿದ್ದೆ ಹೋಗುತ್ತಿದ್ದ. ತುತ್ತು ಇಟ್ಟರೆ ಅಗಿಯುವುದು ನಿಲ್ಲುತ್ತಿತ್ತು, ತಲೆ ನನ್ನ ಮೊಣಕಾಲಿಗೆ ವಾಲುತ್ತಿತ್ತು. ಉಸಿರುಗಟ್ಟೀತು ಎಂಬ ಹೆದರಿಕೆಯಿಂದ ಬಾಯೊಳಗೆ ಬೆರಳು ಹಾಕಿ ಆ ತುತ್ತನ್ನು ನಾನೇ ಹೊರಗೆ ತೆಗೆಯುತ್ತಿದ್ದೆ. ತಾಯಿಯಾದವಳು ಮಗುವಿನ ಬಾಯಿಗೆ ಅನ್ನ ಇಡುವುದನ್ನು ಎಲ್ಲರೂ ಕಂಡಿದ್ದಾರೆ. ಇಟ್ಟ ಅನ್ನವನ್ನು ತೆಗೆಯುವಾಗ ಏನನ್ನಿಸುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಮ್ಮೆ ಅರೆನಿದ್ದೆಯಲ್ಲಿಯೇ ಮುಖ ತಿರುಗಿಸಿ, "ಅವ್ವಾ, ನಿನ್ನ ಕೈ ಚಿಲ್ಲರ ನಾರತದ," ಅಂದ. ಕೈ ಮೂಸಿ ನೋಡಿಕೊಂಡೆ. ಸಾಬೂನಿನಿಂದ ತೊಳೆದಿದ್ದರೂ ಬೆರಳ ಸಂದಿಯಲ್ಲಿ ನಾಣ್ಯದ ವಾಸನೆ ಹಾಗೆಯೇ ಇತ್ತು.

ಶಾಲೆಯ ಟೀಚರು ನನ್ನನ್ನು ಕರೆಸಿ, ಹುಡುಗ ಮೊದಲ ತಾಸಿನಲ್ಲೇ ಹಸಿವು ಎಂದು ಅಳುತ್ತಾನೆ, ರಾತ್ರಿ ಏನು ಕೊಡುತ್ತೀರಿ ಎಂದು ಕೇಳಿದರು. ಏನು ಕೊಡುತ್ತೇನೆ ಎಂದು ಹೇಳಿದೆ. ಎಷ್ಟು ಅವನ ಹೊಟ್ಟೆಗೆ ಹೋಗುತ್ತದೆ ಎಂದು ಹೇಳಲಿಲ್ಲ.

ಸೊಲ್ಲಾಪುರದಿಂದ ತಿರುಗಿ ಬರುವಾಗ ನಮ್ಮ ಗಾಡಿ ಯೆಣೆಗೂರಿನ ಸಮೀಪ ಒಂದು ಧಾಬಾದ ಮುಂದೆ ಚಹಾಕ್ಕೆ ನಿಲ್ಲುತ್ತಿತ್ತು. ಗಾಡಿ ನಿಂತರೆ ಗಿರಾಕಿ ಬರುತ್ತಾರೆಂದು ಧಾಬಾದವರು ಡ್ರೈವರ್-ಕಂಡಕ್ಟರಿಗೆ ಪುಕ್ಕಟೆ ಊಟ ಹಾಕುತ್ತಾರೆ. ಹೆದ್ದಾರಿಯಲ್ಲಿ ಎಲ್ಲ ಕಡೆಗೂ ಇದೇ ರೂಢಿ. ಡ್ರೈವರ್ ಅಣ್ಣ ದಿನಾ ಹೊಟ್ಟೆ ತುಂಬ ಉಣ್ಣುತ್ತಿದ್ದರು. ನಾನು ಚಹಾ ಕುಡಿದು ಗಾಡಿಯಲ್ಲಿ ಕೂಡುತ್ತಿದ್ದೆ. ಅದೇ ಅಡುಗೆಮನೆಯಲ್ಲಿ ಮಾಂಸವೂ ಬೇಯುತ್ತದೆ, ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಹುಟ್ಟಿದಾಗಿನಿಂದ ಅಂಥ ಕಡೆ ನೀರೂ ಮುಟ್ಟಿದವಳಲ್ಲ.

ಆದರೆ ಒಂದು ಸಂಜೆ ದಾಲಿಗೆ ಬೆಳ್ಳುಳ್ಳಿ ಒಗ್ಗರಣೆ ಬೀಳುತ್ತಿರುವ ವಾಸನೆ ಬಸ್ಸಿನ ತನಕ ಬಂತು. ಬಿಸಿಬಿಸಿ ರೊಟ್ಟಿ ತಂದೂರಿನಿಂದ ಬರುತ್ತಿತ್ತು. ಮನೆಯಲ್ಲಿ ಮಕ್ಕಳು ನನ್ನ ದಾರಿ ಕಾಯುತ್ತ ಕೂತದ್ದು ಕಣ್ಣ ಮುಂದೆ ಬಂತು. ನಾನು ಇಳಿದು ಹೋಗಿ, ನನ್ನ ಪಾಲಿನದನ್ನು ಕಟ್ಟಿಕೊಡಿ ಎಂದು ಕೇಳಿದೆ.

ಮಾಲಕ ವಯಸ್ಸಾದ ಮನುಷ್ಯ, ನಮ್ಮ ಕಡೆಯವನೇ. "ಇಲ್ಲೇ ಉಣ್ರಿ ತಾಯಿ, ಬಿಸೀದು ಅದ," ಅಂದ.

"ಇಲ್ರಿ ಕಾಕಾ, ಮನ್ಯಾಗ ಹುಡುಗರು ಅವ."

ಅವನು ಮತ್ತೇನೂ ಕೇಳಲಿಲ್ಲ. ಬೇರೆ ಪಾತ್ರೆಯಿಂದ ದಾಲ್ ತೆಗೆದು ಪ್ಲಾಸ್ಟಿಕ್ ಪಿಶವಿಗೆ ತುಂಬಿ, ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. ನಾನು ಅದನ್ನು ದುಪಟ್ಟಾದಲ್ಲಿ ಮತ್ತೊಮ್ಮೆ ಸುತ್ತಿ, ಮಡಿಲಲ್ಲಿಟ್ಟುಕೊಂಡು ಕೂತೆ. ಉಮರ್ಗಾ ಬರುವವರೆಗೂ ಅದರ ಬಿಸಿ ತೊಡೆಗೆ ತಾಗುತ್ತಿತ್ತು.

ಆ ದಿನ ಮಗ ನಿದ್ದೆ ಮಾಡಲಿಲ್ಲ. ರೊಟ್ಟಿಯನ್ನು ಹರಿದು ದಾಲಿನಲ್ಲಿ ಅದ್ದಿ ತಿಂದ, ಬೆರಳು ನೆಕ್ಕಿದ. "ಅಕ್ಕಾ, ಇದು ಹೋಟೆಲ್!" ಎಂದು ಕುಣಿದ. ಮಗಳು ಕೂಡ ನಕ್ಕಳು. ಅಪ್ಪ ಸತ್ತ ಮೇಲೆ ಊಟದ ಹೊತ್ತಿನಲ್ಲಿ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಉಳಿದ ದಾಲಿಗೆ ನಾನು ಒಣರೊಟ್ಟಿ ಮುರಿದು ಹಾಕಿಕೊಂಡು ಉಂಡೆ. ಮಾಂಸದ ಅಡುಗೆಮನೆ ಎಂಬುದು ನೆನಪಿಗೆ ಬಂತು. ಬಂದದ್ದನ್ನು ಹಾಗೆಯೇ ನುಂಗಿದೆ.

ಮರುದಿನವೂ ತಂದೆ. ಆಮೇಲೆ ಅದೇ ರೂಢಿಯಾಯಿತು. ಸ್ವಲ್ಪ ದಿನಕ್ಕೆ ಪೊಟ್ಟಣ ಮೊದಲಿಗಿಂತ ದೊಡ್ಡದಾಗತೊಡಗಿತು. ಮೂರು ಮಂದಿಗೆ ಸಾಕಾಗುವಷ್ಟು. ನಾನು ಬೇಡವೆಂದೆ.

"ತಗೋರಿ ತಾಯಿ," ಅಂದ ಮಾಲಕ. "ಒಬ್ರ ಊಟ ಮೂರು ಮಂದಿ ಉಣ್ಣಾದು ನನಗ ಗೊತ್ತಾಗಂಗಿಲ್ಲೇನು? ಹಿಂಗ ಕಟಗೊಂಡ ಹೋಗಾವರ ಮಾರಿ ನಾ ಬಾಳ ನೋಡೀನಿ."

ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಡ್ರೈವರ್ ಅಣ್ಣ ಕೇಳದವರ ಹಾಗೆ ಬಸ್ಸಿನ ಕಡೆ ನಡೆದರು. ನನಗೆ ನೆಲ ಬಿರಿಯಬಾರದೆ ಅನ್ನಿಸಿತು. ಆದರೂ ಪೊಟ್ಟಣ ಬಿಟ್ಟು ಬರಲಿಲ್ಲ. ಮಗನ ಗಲ್ಲ ತುಂಬಿಕೊಳ್ಳುತ್ತಿತ್ತು.

ಗಂಡನ ವರ್ಷದ ಪುಣ್ಯತಿಥಿಗೆ ಉದಗೀರಕ್ಕೆ ಹೋದೆವು. ದೊಡ್ಡ ಮನೆ, ಕೆಳಗೆ ಅಂಗಡಿ. ಜಂಗಮರ ಪ್ರಸಾದವಾದ ಮೇಲೆ ಮನೆಯವರೆಲ್ಲ ಪಂಕ್ತಿಗೆ ಕೂತರು. ಅತ್ತೆ ತಾವೇ ಮೊಮ್ಮಗನ ತಾಟಿಗೆ ಹೋಳಿಗೆ ಹಾಕಿ, ತುಪ್ಪ ಸುರಿದರು. ಅವನು ತಾಟನ್ನು ದೂಡಿ ಹೇಳಿದ.

"ಅಜ್ಜಿ, ಇದ ಬ್ಯಾಡ. ನನಗ ಧಾಬಾದ ದಾಲ್ ಬೇಕು."

ಎಲ್ಲರೂ ನಕ್ಕರು. ಅತ್ತೆ ಕೂಡ ನಗುತ್ತಲೇ ಕೇಳಿದರು. "ಯಾವ ಧಾಬಾ ನನ್ನಪ್ಪಾ?"

"ಅವ್ವ ದಿನಾ ತರ್ತಾಳ. ಪುಕ್ಕಟ ಕೊಡ್ತಾರ!"

ನಗು ನಿಂತಿತು. ಮಾವ ಎತ್ತಿದ ತುತ್ತನ್ನು ತಾಟಿಗಿಟ್ಟರು. ನಾನು ಸಾರಿನ ಪಾತ್ರೆ ಹಿಡಿದು ಪಂಕ್ತಿಯ ನಡುವೆ ನಿಂತಿದ್ದೆ. ಮುಂದೆ ಬಡಿಸಬೇಕೋ, ಹಿಂದಕ್ಕೆ ಹೋಗಬೇಕೋ ತಿಳಿಯಲಿಲ್ಲ.

ಊಟ ಮುಗಿದ ಮೇಲೆ ನನ್ನನ್ನು ಒಳಗಿನ ಕೋಣೆಗೆ ಕರೆದರು. ಅತ್ತೆ, ಮಾವ, ಗಂಡನ ಅಣ್ಣ. ಜಗಳವಾಗಬಹುದು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವರು ಬೈಯಲಿಲ್ಲ.

ಭಾವ ಮೊದಲು ಮಾತಾಡಿದರು. "ಮಾಂಸ ಕಡಿಯೂ ಖಾಟೀಕನ ಭಾಂಡ್ಯಾದಾಗ ಮಾಡಿದ್ದು ನಮ್ಮ ತಮ್ಮನ ಮಕ್ಕಳು ಉಣ್ಣಾಕತ್ಯಾವ. ಮಂದಿ ಏನಂತಾರ ಅನ್ನಾದು ಬಿಡು. ಅಂವಾ ಇದ್ರ ಏನಂತಿದ್ದ?"

"ಬ್ಯಾರೆ ಪಾತ್ರಿದು ಕೊಡ್ತಾರ್ರೀ ಭಾವೋರ," ಅಂದೆ. ಆ ಮಾತು ನನ್ನ ಕಿವಿಗೇ ಸಣ್ಣದಾಗಿ ಕೇಳಿಸಿತು.

ಅತ್ತೆ ಅವರನ್ನು ಸುಮ್ಮನಿರಿಸಿ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. "ನಾ ನಿನಗ ಬೈಯಾಂಗಿಲ್ಲವ್ವಾ. ನೀ ಏನ ಮಾಡ್ತಿ, ನಿನಗರ ಎಷ್ಟ ಕೈ ಅವ? ಖರೇ ಹೇಳು. ಕೂಸು ದಿನಾ ಎಷ್ಟೊತ್ತಿಗಿ ಉಣ್ತದ?"

ಅತ್ತೆ ತಾವೇ ಮುಂದುವರಿಸಿದರು.

"ಇಲ್ಲಿ ದೀಪ ಹಚ್ಚೂ ಹೊತ್ತಿಗಿ ಅನ್ನ ಆಗಿರ್ತದ. ಅಂವನ ಇಲ್ಲೇ ಬಿಡು. ಶಾಳಿಗಿ ಹಾಕ್ತೀವಿ. ನಿನ್ನ ಮಗ ನಿನ್ನ ಮಗನೇ. ಯಾರ ಕಸಗೋತಾರ?"

ನಾನು ಕೇಳಿದೆ. "ಮತ್ತ ಆಕಿ?"

ಮಾವ ಮೊದಲ ಬಾರಿಗೆ ಬಾಯಿ ತೆರೆದರು. "ಆಕಿ ದೊಡ್ಡಾಕಿ ಆಗ್ಯಾಳ. ನಿನಗ ಮನ್ಯಾಗ ಆಸರ ಬೇಕಲ್ಲ."

ತಿರುಗಿ ನೋಡಿದರೆ ಬಾಗಿಲಲ್ಲಿ ಮಗಳು ನಿಂತಿದ್ದಳು. ಎಲ್ಲರಿಗೂ ಎಲೆ-ಅಡಿಕೆಯ ತಬಕು ತಂದಿದ್ದಳು. ಅದನ್ನು ನೆಲದ ಮೇಲಿಟ್ಟು ಹೊರಗೆ ಹೋದಳು.

ಬೇಡವೆಂದು ಹೇಳಬಹುದಿತ್ತು. ಮರುದಿನ ಮಧ್ಯಾಹ್ನ ನನಗೆ ಡ್ಯೂಟಿ ಇತ್ತು. ಸಂಜೆ ಎಂಟಕ್ಕೆ ಬಾಗಿಲು ತೆರೆಯುವುದು, ಮಗ ಏನು ಮಾಡುತ್ತಿ ಎಂದು ಕೇಳುವುದು, ಇನ್ನು ಮೇಲೆ ಆ ಪೊಟ್ಟಣವೂ ಇಲ್ಲದಿರುವುದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಆ ಗಳಿಗೆಯಲ್ಲಿ ನನ್ನ ಮೈಯೇ ಸೋತು ಹೂಂ ಅಂದಿತು. ಮಗ ಅಂಗಡಿಯ ಗಾದಿಯ ಮೇಲೆ ಅಜ್ಜನ ಪಕ್ಕದಲ್ಲಿ ಕೂತು ಕೈ ಬೀಸಿದ. ನಾನು ನಾಳೆಯೇ ತಿರುಗಿ ಬರುತ್ತೇನೆಂದು ತಿಳಿದಿದ್ದನೋ ಏನೋ.

ತಿರುಗಿ ಬರುವ ಗಾಡಿಯಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಿಲಂಗಾ ದಾಟಿದ ಮೇಲೆ ಅವಳ ತಲೆ ಸವರಲು ಹೋದೆ. ಸರಿದು ಕೂತಳು.

ಮುಂದಿನ ವಾರ ಧಾಬಾದ ಮಾಲಕ ಎಂದಿನಂತೆ ಪೊಟ್ಟಣ ಚಾಚಿದಾಗ, ಬೇಡ ಕಾಕಾ, ಹುಡುಗ ಅಜ್ಜಿಯ ಊರಲ್ಲಿದ್ದಾನೆ ಅಂದೆ. "ಚಲೋ ಆತು ಬಿಡ್ರಿ," ಅಂದ ಆತ. ಸಮಾಧಾನ ಮಾಡಲೆಂದೇ ಅಂದ ಮಾತು. ಬಸ್ಸಿಗೆ ಬಂದು ಟಿಕೆಟ್ ಕೊಡುವಾಗ ಇಬ್ಬರಿಗೆ ತಪ್ಪು ಊರಿನ ಟಿಕೆಟ್ ಕೊಟ್ಟೆ.

ಇನ್ನು ಮೇಲೆ ಮಗಳಿಗಾದರೂ ನೆಟ್ಟಗೆ ಅಡುಗೆ ಮಾಡಬೇಕು ಎಂದು ಹಟಕ್ಕೆ ಬಿದ್ದೆ. ಎಷ್ಟೇ ದಣಿದಿದ್ದರೂ ಬಿಸಿ ರೊಟ್ಟಿ ಬಡಿದೆ. ಕಡಲೆಹಿಟ್ಟು ಕಲಸಿ ಜುಣಕ ಮಾಡಿದೆ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಒರಳಲ್ಲಿ ಕುಟ್ಟಿ ಮುಟಗಿ ಕಟ್ಟಿಕೊಟ್ಟೆ. ಅದು ಅವಳಿಗೆ ಚಿಕ್ಕಂದಿನಿಂದ ಪ್ರೀತಿ. ಅವಳು ಒಂದು ತುತ್ತು ತಿಂದು ಎದ್ದು ಹೋಗುತ್ತಿದ್ದಳು. ಕೇಳಿದರೆ, "ಹಸಿವಿಲ್ಲ."

ಒಂದು ದಿನ ಕುಕ್ಕರ್ ಕೈಗೆ ಬೆಚ್ಚಗೆ ತಾಗಿತು. ಅವಳು ನಾನು ಬರುವ ಮೊದಲೇ ಅನ್ನ ಮಾಡಿ, ಒಬ್ಬಳೇ ಉಂಡು, ಪಾತ್ರೆ ತೊಳೆದು ಇಟ್ಟಿರುತ್ತಿದ್ದಳು. ಗ್ಯಾಸ್ ಮುಟ್ಟಬೇಡ ಅಂದಿರಲಿಲ್ಲವೆ ಎಂದು ನಾನು ಕೂಗಾಡಿದೆ. ನಿಜವಾಗಿ ಸಿಟ್ಟು ಗ್ಯಾಸಿನದಾಗಿರಲಿಲ್ಲ.

"ಒಬ್ಬಾಕೀನೇ ಯಾಕ ಉಣ್ತಿ? ನಾ ಬರೂತನ ಯಾಕ ತಡಿಯಂಗಿಲ್ಲ?"

ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. "ತಮ್ಮ ಹೊತ್ತಿಗಿ ಉಣ್ಬೇಕಂತ ಎಲ್ಲಾರೂ ಕೂಡಿ ಮಾತಾಡಿದ್ರಿ. ನಾ ಎಷ್ಟೊತ್ತಿಗಿ ಉಣ್ತೀನಿ ಅಂತ ಒಬ್ರರ ಕೇಳಿದ್ರೇನು?"

"ನಿನ್ನ ಬಿಟ್ಟು ನಾ ಹ್ಯಾಂಗ ಇರ್ಲಿ ಮಗಳಾ?"

"ಅಂವನ ಬಿಟ್ಟು ಇದ್ದೀಯಲ್ಲ."

ಹನ್ನೊಂದು ವರ್ಷದವಳ ಬಾಯಲ್ಲಿ ಆ ಮಾತು. ನಾನು ಹಾಕಿಕೊಂಡ ತಾಟನ್ನು ಹಾಗೆಯೇ ಮುಚ್ಚಿಟ್ಟೆ.

ಡೆಪೊದಲ್ಲಿ ಬೇಡಿಕೊಂಡು ಉದಗೀರದ ಡ್ಯೂಟಿ ಹಾಕಿಸಿಕೊಂಡೆ. ಮಧ್ಯಾಹ್ನ ಗಾಡಿ ಅಲ್ಲಿ ನಿಂತಾಗ ಓಡಿ ಹೋಗಿ ಮಗನನ್ನು ನೋಡಿ ಬರಬಹುದು. ಮೊದಮೊದಲು ಅವನು ಅಂಗಡಿಯ ಮೆಟ್ಟಿಲಿಳಿದು ಬಂದು ತೊಡೆ ತಬ್ಬುತ್ತಿದ್ದ. ಅತ್ತೆ ಖಾಕಿ ಬಟ್ಟೆಯಲ್ಲಿದ್ದ ನನ್ನನ್ನು ಮರ್ಯಾದೆಯಿಂದಲೇ ಒಳಗೆ ಕರೆದು, ಬೀಗರಿಗೆ ಹಾಕುವ ಹಾಗೆ ಮಣೆ ಹಾಕಿ ಊಟಕ್ಕೆ ಕೊಡುತ್ತಿದ್ದರು. ಆ ಮನೆಯ ಸೊಸೆಯಾಗಿದ್ದಾಗ ನನಗೆ ಯಾರೂ ಮಣೆ ಹಾಕಿರಲಿಲ್ಲ. ಒಂದು ದಿನ ಮಗನನ್ನು ಪಕ್ಕಕ್ಕೆ ಕೂಡಿಸಿಕೊಂಡು, ನನ್ನ ತಾಟಿನಿಂದ ತುತ್ತು ಕಲಸಿ ಅವನ ಬಾಯಿಯ ಹತ್ತಿರ ಒಯ್ದೆ. ಅವನು ತಲೆ ಹಿಂದಕ್ಕೆ ಸರಿಸಿದ.

"ನಾ ನನ್ನ ಕೈಲೇ ಉಣ್ತೀನಿ ಅವ್ವಾ. ಅಜ್ಜಿ ಕಲಿಸ್ಯಾಳ."

"ಶಾಣ್ಯಾ ಅದಾನ," ಅಂದರು ಅತ್ತೆ, ಹೆಮ್ಮೆಯಿಂದ. ಅದರಲ್ಲಿ ತಪ್ಪೇನೂ ಇರಲಿಲ್ಲ. ತುತ್ತನ್ನು ನಾನೇ ತಿಂದೆ.

ನಿಲಂಗಾದ ಕೋರ್ಟಿಗೆ ನಮ್ಮ ಗಾಡಿಯಲ್ಲಿ ಬರುವ ವಕೀಲರೊಬ್ಬರು ನನ್ನ ಸಂಗತಿ ಯಾರಿಂದಲೋ ಕೇಳಿ, "ತಾಯಿ ಹಕ್ಕು ದೊಡ್ಡದದ ರೀ, ಒಂದ ಅರ್ಜಿ ಹಾಕ್ರಿ," ಅಂದರು. ನಾನು ಎಷ್ಟೋ ದಿನ ಅದನ್ನೇ ಯೋಚಿಸಿದೆ. ಜಡ್ಜ್ ಸಾಹೇಬರು ಮಗನನ್ನು ಕರೆದು ಎಲ್ಲಿರುತ್ತಿ ಎಂದು ಕೇಳಿದರೆ ಅವನು ಏನು ಹೇಳಿಯಾನು? ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅರ್ಜಿ ಹಾಕಲಿಲ್ಲ.

ಬೇಸಿಗೆ ರಜೆಗೆ ಅವನನ್ನು ಕರೆದುಕೊಂಡು ಬಂದೆ. ಇನ್ನು ಕಳಿಸುವುದೇ ಇಲ್ಲ ಎಂದು ಒಳಗೇ ಗಟ್ಟಿ ಮಾಡಿಕೊಂಡಿದ್ದೆ. ಕೆಲವು ದಿನ ರಜೆ ಹಾಕಿ, ಸೂರ್ಯ ಮುಳುಗುವ ಮೊದಲೇ ಅಡುಗೆ ಮಾಡಿ ಮೂವರೂ ಕೂತು ಉಂಡೆವು. ಮಗಳು ತಮ್ಮನಿಗೆ ತಾನೇ ಬಡಿಸಿದಳು. ಆ ನಾಲ್ಕೈದು ಸಂಜೆಗಳಷ್ಟು ನೆಮ್ಮದಿ ನನಗೆ ಮುಂದೆ ಸಿಗಲಿಲ್ಲ. ನನ್ನ ರಜೆ ಮುಗಿಯಿತು, ಡ್ಯೂಟಿಗೆ ಹೋದೆ. ಟೈರು ಒಡೆದು ಗಾಡಿ ದಾರಿಯಲ್ಲೇ ನಿಂತು ಆ ಸಂಜೆ ಇನ್ನೂ ತಡವಾಯಿತು. ಬಂದು ನೋಡಿದರೆ ಮಗ ಚಪ್ಪಲಿ ಹಾಕಿಕೊಂಡು, ತನ್ನ ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದ. ಅಕ್ಕ ಮಾಡಿದ ಖಿಚಡಿ ತಾಟಿನಲ್ಲಿ ಹಾಗೆಯೇ ಇತ್ತು.

"ದೊಡ್ಡಪ್ಪಗ ಫೋನ ಹಚ್ಚು," ಅಂದ. ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು.

"ನಾಳಿಂದ ಲಗೂ ಬರ್ತೀನಿ ರಾಜಾ."

"ನಿನಗ ಬರ್ಲಿಕ್ಕ ಆಗಂಗಿಲ್ಲ, ನನಗ ಗೊತ್ತದ."

ಅವನು ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬರುತ್ತದೆ, ಬಸ್ಸು ಹೋಯಿತು ಎಂದು ಹೇಳುವ ಹಾಗೆ ಹೇಳಿದ. ಭಾವನಿಗೆ ನಾನೇ ಫೋನು ಹಚ್ಚಿದೆ.

ಈಗ ಅವನಿಗೆ ಹತ್ತಾಗಿದೆ. ಮರಾಠಿ ಚೆನ್ನಾಗಿ ಮಾತಾಡುತ್ತಾನೆ, ನನ್ನೊಡನೆ ಕನ್ನಡದಲ್ಲಿ ಮಾತಾಡುವಾಗ ಶಬ್ದ ಹುಡುಕುತ್ತಾನೆ. ಏಳನೆಯ ತನಕ ಕನ್ನಡ ಶಾಲೆಯಲ್ಲಿ ಕಲಿತ ನಾನು ಇದನ್ನೆಲ್ಲ ಬರೆದಿಟ್ಟರೂ ಅವನು ಓದಲಾರ. ಮೈಕೈ ತುಂಬಿಕೊಂಡು ಒಳ್ಳೆಯ ಹುಡುಗನಾಗಿ ಬೆಳೆದಿದ್ದಾನೆ. ಅತ್ತೆ ಕೊಟ್ಟ ಮಾತು ಉಳಿಸಿಕೊಂಡರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ.

ಮಗಳು ಹತ್ತನೆಯ ಪರೀಕ್ಷೆ ಮುಗಿಸಿ ಲಾತೂರಿನ ಹಾಸ್ಟೆಲಿಗೆ ಹೊರಟಳು. ಹೊರಡುವ ಹಿಂದಿನ ದಿನ ನಾನು ಶೇಂಗಾ ಹಿಂಡಿ, ಒಣರೊಟ್ಟಿ ಕಟ್ಟಲು ಕೂತೆ. ಬೇಡ, ಅಲ್ಲಿ ಮೆಸ್ ಇದೆ ಅಂದಳು. ನಾನು ಕಟ್ಟುವುದನ್ನು ನಿಲ್ಲಿಸಲಿಲ್ಲ, ಅವಳೂ ಮತ್ತೆ ಬೇಡ ಅನ್ನಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗಾಡಿ ಹತ್ತುವಾಗ ಆ ಗಂಟನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಒಯ್ದು ತಿಂದಳೋ, ಗೆಳತಿಯರಿಗೆ ಹಂಚಿದಳೋ ನಾನು ಕೇಳಿಲ್ಲ. ಫೋನು ಮಾಡಿದಾಗ ಓದಿನ ಮಾತಾಡುತ್ತಾಳೆ, ನನ್ನ ಡ್ಯೂಟಿ ಯಾವುದು ಎಂದು ಕೇಳುತ್ತಾಳೆ, ಇಡುತ್ತಾಳೆ.

ಹಿರಿಯಳೆಂದು ಈಗ ನನಗೆ ಬೆಳಗಿನ ಡ್ಯೂಟಿ ಸಿಕ್ಕಿದೆ. ಆಗ ಅದಕ್ಕಾಗಿ ಎಷ್ಟು ಸಲ ಅರ್ಜಿ ಕೊಟ್ಟಿದ್ದೆನೋ. ಮಧ್ಯಾಹ್ನ ಮೂರಕ್ಕೆಲ್ಲ ಮನೆಗೆ ಬರುತ್ತೇನೆ. ಸಂಜೆಯೆಲ್ಲ ಖಾಲಿ. ಓಣಿಯಲ್ಲಿ ಒಬ್ಬೊಬ್ಬರ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ನಾನೂ ಹಿಟ್ಟಿನ ಡಬ್ಬಿಯ ತನಕ ಹೋಗುತ್ತೇನೆ. ಒಬ್ಬಳಿಗೆ ಎಷ್ಟು ಹಿಟ್ಟು ಬೇಕು ಎಂಬುದು ನನಗೆ ಇನ್ನೂ ಕೈಗೆ ಹತ್ತಿಲ್ಲ.